ಸೋಪು ಹಾಕಿ ತೊಳೆದ ಕೈ

ರಕ್ತ ತೆಗೆಯುವುದು ನನ್ನ ಹೊಟ್ಟೆಪಾಡು. ಇಪ್ಪತ್ತೆರಡು ವರ್ಷದಿಂದ ಮಲೆನಾಡಿನ ಬೇರೆ ಬೇರೆ ಊರುಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ. ಎಷ್ಟು ಜನರ ತೋಳಿಗೆ ರಬ್ಬರ್ ಪಟ್ಟಿ ಬಿಗಿದಿದ್ದೇನೋ, ಲೆಕ್ಕ ಇಟ್ಟವಳಲ್ಲ. ನರ ಸಿಗದೆ ಎರಡೆರಡು ಸಲ ಚುಚ್ಚಿಸಿಕೊಂಡವರು ಬೈದಿದ್ದಾರೆ, ಮಕ್ಕಳು ಕಚ್ಚಿದ್ದಾವೆ, ಆರಡಿ ಆಳೊಬ್ಬ ಸೂಜಿ ಕಂಡದ್ದೇ ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಿದ್ದಾನೆ. ಇವೆಲ್ಲ ಸಂಜೆ ಬಸ್ಸು ಹತ್ತುವ ಹೊತ್ತಿಗೆ ಮರೆತುಹೋಗುತ್ತವೆ. ಒಬ್ಬ ಅಜ್ಜಿ ಆಡಿದ ಒಂದು ಮಾತು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಕೂತಿದೆ. ನಾಲಿಗೆ ಆಗಾಗ ಅಲ್ಲಿಗೇ ಹೋಗುತ್ತದೆ.

ಏಳೆಂಟು ವರ್ಷದ ಹಿಂದೆ, ಮಂಗನ ಕಾಯಿಲೆಯ ಸೀಸನ್ನು, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಳಿ ಕಳೆದು ಎಲೆ ಉದುರಿ, ಕೊಟ್ಟಿಗೆಗೆ ದರಗು ತರಲು ಹೆಂಗಸರು ಕಾಡಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಎಲ್ಲೋ ಒಂದು ಮಂಗ ಸತ್ತು ಬಿದ್ದ ಸುದ್ದಿ ಬರುತ್ತದೆ. ಆಮೇಲೆ ಉಣುಗು ಹತ್ತದಂತೆ ಹಚ್ಚುವ ಎಣ್ಣೆಯ ಬಾಟಲಿ, ಆಮೇಲೆ ಜ್ವರ, ಆಮೇಲೆ ನಾವು. ಆ ದಿನ ಜೀಪು ಹೋಗುವಷ್ಟು ಹೋಗಿ, ಸಂಕ ದಾಟಿ, ಐಸ್ ಪ್ಯಾಕ್ ಇಟ್ಟ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ನಡೆದೆವು. ಅಜ್ಜಿ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ನಾನು ಫಾರಂ ತೆಗೆದು ಹೆಸರು, ವಯಸ್ಸು, ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ, ಜ್ವರ ಎಷ್ಟು ದಿನ ಎಂದೆಲ್ಲ ಕೇಳುತ್ತ ಪಟ್ಟಿ ಬಿಗಿದೆ. ಅಜ್ಜಿ ತೋಳು ಕೊಟ್ಟೇ ಕೇಳಿದರು: "ಹೋದ ತಿಂಗ್ಳೂ ತಗಂಡ್ ಹೋಗಿದ್ರಲ್ಲ ತಂಗಿ, ಅದ್ರಲ್ಲಿ ಎಂತ ಬಂತು?" ನನಗೆ ಗೊತ್ತಿರಲಿಲ್ಲ. ಆಗ ಬಂದವನು ಬೇರೆಯವನು. ವಿಚಾರಿಸಿ ಹೇಳುತ್ತೇನೆ ಅಂದೆ. "ಅವ್ನೂ ಹಂಗೇ ಹೇಳಿದ್ದ. ನೆತ್ರ ಹೋಗಕ್ಕೆ ದಾರಿ ಇದೆ, ಸುದ್ದಿ ಬರಕ್ಕೆ ದಾರಿ ಇಲ್ಲ, ಅಲ್ದಾ?" ಬೈಗುಳವೇನಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದರು.

ವಿಚಾರಿಸಿದೆ. ಆ ಸ್ಯಾಂಪಲ್ ಮುಂದೆ ಹೋಗಿದೆ ಅಂದರು ಒಬ್ಬರು. ಮುಂದೆ ಎಂದರೆ ಎಲ್ಲಿ ಎಂದರೆ ಇನ್ನೂ ಮುಂದೆ. ರಿಪೋರ್ಟು ಯಾವ ಟೇಬಲ್ಲಿನ ಮೇಲೆ ಕೂತಿತೋ, ಬಂತೋ ಇಲ್ಲವೋ. ನನಗೆ ಬೇರೆ ಊರಿಗೆ ವರ್ಗವಾಯಿತು. ಅಜ್ಜಿಯ ಮಾತು ಜೊತೆಗೆ ಬಂತು.

ಆಫ್ರಿಕಾದ ಕಾಂಗೋ ದೇಶದ ವೈದ್ಯ ಮುಯೆಂಬೆಯವರ ಬಗ್ಗೆ ಮೊದಲು ಓದಿದ್ದು ಕೊರೊನಾ ಕಾಲದಲ್ಲಿ. ಸ್ವಾಬ್‌ಗಳನ್ನು ಪ್ಯಾಕ್ ಮಾಡಿಟ್ಟು ವ್ಯಾನು ಬರಲಿ ಎಂದು ಕಾಯುತ್ತಿದ್ದ ಒಂದು ರಾತ್ರಿ, ಮೊಬೈಲಿನಲ್ಲಿ. ಎಬೋಲಾ ಬಗ್ಗೆ ಏನೋ ಹುಡುಕುತ್ತಿದ್ದಾಗ ಒಂದು ವಾಕ್ಯ ಕಣ್ಣಿಗೆ ಬಿತ್ತು. ಮೊದಲ ಎಬೋಲಾ ರೋಗಿಗಳ ರಕ್ತ ತೆಗೆದ ವೈದ್ಯ, ಕೆಲಸ ಮುಗಿದ ಮೇಲೆ ಬರಿ ನೀರು, ಸೋಪಿನಲ್ಲಿ ಕೈ ತೊಳೆದುಕೊಂಡ. ಗ್ಲೌಸ್ ಇರಲಿಲ್ಲ. ಪಿಪಿಇ ಕಿಟ್ಟಿನ ಒಳಗೆ ಬೆವರುತ್ತ ಕೂತಿದ್ದ ನನಗೆ ಆ ಕೈ ಕಣ್ಣಿಗೆ ಕಟ್ಟಿತು.

ಖಾಲಿ ಆಸ್ಪತ್ರೆ

ಜಾಂ-ಜಾಕ್ ಮುಯೆಂಬೆ ಹುಟ್ಟಿದ್ದು 1942ರಲ್ಲಿ, ಕಾಂಗೋದ ಬಂಡುಂಡು ಪ್ರಾಂತ್ಯದಲ್ಲಿ. ರೈತರ ಮನೆ. ಆಗ ಅದು ಬೆಲ್ಜಿಯಂನವರ ವಸಾಹತು. ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಓದಿದ ಹುಡುಗನಿಗೆ ಹದಿನೆಂಟು ತುಂಬಿದಾಗ, 1960ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂತು. ಅಷ್ಟು ದೊಡ್ಡ ದೇಶದಲ್ಲಿ ಆಗ ಇದ್ದ ಪದವೀಧರರು ಬೆರಳೆಣಿಕೆಯಷ್ಟು. ಮುಯೆಂಬೆ 1969ರಲ್ಲಿ ಕಿನ್ಶಾಸಾದ ಲೊವಾನಿಯಂ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಮುಗಿಸಿದರು. ಅಲ್ಲಿಂದ ಬೆಲ್ಜಿಯಂನ ಲೂವೆನ್‌ಗೆ ಹೋಗಿ, 1973ರಲ್ಲಿ ವೈರಾಣು ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಊರಿಗೆ ಮರಳಿದರು. ಮರಳಿ ನೋಡಿದರೆ ಕಲಿತ ವಿದ್ಯೆಗೆ ತಕ್ಕ ಲ್ಯಾಬಿಲ್ಲ. ನಮ್ಮಲ್ಲಿ ಇಂಥ ಹೊತ್ತಲ್ಲಿ ಹುಡುಗರು ಎರಡು ವರ್ಷ ಗೊಣಗಿ, ಮೂರನೇ ವರ್ಷ ವೀಸಾ ಅರ್ಜಿ ಹಾಕುತ್ತಾರೆ. ತಪ್ಪೆಂದು ಹೇಳುತ್ತಿಲ್ಲ, ನನ್ನ ತಮ್ಮನೇ ಹಾಗೆ ಹೋದವನು. ಮುಯೆಂಬೆ ಲ್ಯಾಬಿಲ್ಲದಿದ್ದರೆ ಊರೂರು ತಿರುಗುವ ಕೆಲಸ ಎಂದು ರೋಗ ಹಬ್ಬಿದ ಕಡೆಗೆ ಹೊರಟರು.

1976ರ ಸೆಪ್ಟೆಂಬರಿನಲ್ಲಿ ಅವರನ್ನು ಯಾಂಬುಕುಗೆ ಕಳಿಸಿದರು. ದೇಶದ ಉತ್ತರಕ್ಕೆ, ಕಾಡಿನ ನಡುವಿನ ಊರು. ಬೆಲ್ಜಿಯಂನ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಮಿಷನ್ ಆಸ್ಪತ್ರೆ ಅಲ್ಲಿತ್ತು. ಜ್ವರದಿಂದ ಜನ ಸಾಯುತ್ತಿದ್ದಾರೆ, ಸನ್ಯಾಸಿನಿಯರೂ ಸಾಯುತ್ತಿದ್ದಾರೆ, ಟೈಫಾಯಿಡ್ ಇರಬಹುದು, ಹಳದಿ ಜ್ವರ ಇರಬಹುದು, ಗೊತ್ತಿದ್ದದ್ದು ಇಷ್ಟೇ. ಇನ್ನೊಬ್ಬ ವೈದ್ಯರ ಜೊತೆ ಹೋಗಿ ನೋಡಿದರೆ ಆಸ್ಪತ್ರೆ ಖಾಲಿ. ರೋಗ ಹತ್ತುವುದೇ ಇಲ್ಲಿ ಎಂದು ಜನ ಅದಾಗಲೇ ಕಂಡುಕೊಂಡು ಜಾಗ ಖಾಲಿ ಮಾಡಿದ್ದರು. (ಅವರು ಅಂದದ್ದು ಸರಿಯೇ ಇತ್ತು. ಅಲ್ಲಿನ ದಾದಿಯರಿಗೆ ಬೆಳಿಗ್ಗೆ ಐದು ಸಿರಿಂಜು ಕೊಟ್ಟರೆ ದಿನವಿಡೀ ಬಂದವರಿಗೆಲ್ಲ ಅವೇ ಐದು ಎಂದು ಆಮೇಲೆ ತನಿಖೆಗೆ ಬಂದವರು ಬರೆದರು. ರೋಗ ಸೂಜಿಯ ಮೇಲೇರಿ ಮನೆಮನೆಗೆ ಹೋಗಿತ್ತು. ಯಾವ ವಿಜ್ಞಾನಿಗಿಂತ ಮೊದಲು ಇದನ್ನು ಊಹಿಸಿದ್ದು ಓಡಿಹೋದ ರೋಗಿಗಳು.) ಉಳಿದಿದ್ದು ಒಂದು ಕೂಸು ಮತ್ತು ಅದರ ತಾಯಿ. ಮಲೇರಿಯಾ ಅಂದಳು ತಾಯಿ. ರಾತ್ರಿ ಕೂಸು ಹೋಯಿತು. ಬೆಳಗಾಗುವಷ್ಟರಲ್ಲಿ, ಕಿನ್ಶಾಸಾದಿಂದ ಡಾಕ್ಟರು ಬಂದಿದ್ದಾರೆ, ಔಷಧಿ ತಂದಿರಬೇಕು ಎಂಬ ಸುದ್ದಿ ಹರಡಿ, ಓಡಿಹೋಗಿದ್ದವರೇ ಬಂದು ಸಾಲು ನಿಂತರು.

ಈ ಸಾಲಿನ ಮುಂದೆ ನಾನೂ ನಿಂತಿದ್ದೇನೆ ಅನಿಸುತ್ತದೆ. ಯಾಂಬುಕುವಿನಲ್ಲಲ್ಲ, ನಮ್ಮ ಊರುಗಳಲ್ಲಿ. ಬಿಳಿ ಕೋಟು ಕಂಡರೆ ಜನ ಸಾಲು ಕಟ್ಟುವುದು ಔಷಧಿಗೆ. ನಾವು ಬಂದದ್ದು ರಕ್ತಕ್ಕೆ. ಮುಯೆಂಬೆ ರಕ್ತ ತೆಗೆಯುತ್ತ ಹೋದರು. ಸೂಜಿ ಹೊರಗೆಳೆದರೆ ಚುಚ್ಚಿದ ತೂತಿನಿಂದ ರಕ್ತ ನಿಲ್ಲುತ್ತಲೇ ಇಲ್ಲ. ಅಂಥದ್ದನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲವಂತೆ. ಬೆರಳು, ಅಂಗೈ ಎಲ್ಲ ರಕ್ತ.

ಕೆಲಸ ಮಾಡುವವರಿಗೆ ಮಾತ್ರ ಈ ಮಾತಿನ ಭಾರ ಗೊತ್ತಾಗುತ್ತದೆ. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ, ಕೈ ಮಡಚಿ ಹಿಡಿದುಕೊಳ್ಳಿ ಅನ್ನುತ್ತೇವೆ. ಎರಡು ನಿಮಿಷದಲ್ಲಿ ನಿಲ್ಲಬೇಕು. ಡೆಂಗಿ ಜೋರಿದ್ದ ಒಂದು ಮಳೆಗಾಲ, ಸುಮಾರು ಮೂವತ್ತರ ಒಬ್ಬ ಗಂಡಸಿಗೆ ನಾನು ಹೀಗೇ ಹತ್ತಿ ಕೊಟ್ಟು ಮುಂದಿನವರ ಕಡೆ ತಿರುಗಿದ್ದೆ. "ಮೇಡಂ" ಅಂತ ಕರೆದ. ತಿರುಗಿ ನೋಡಿದರೆ ಹತ್ತಿ ಕೆಂಪಗಾಗಿ, ಮೊಣಕೈಯಿಂದ ಹನಿ ಬೀಳುತ್ತಿದೆ. ಇನ್ನೊಂದು ಹತ್ತಿ ಒತ್ತಿದೆ. ಅದೂ ನೆನೆಯಿತು. ಮೂರನೆಯದು. ಹೆಬ್ಬೆರಳಿನಿಂದ ಒತ್ತಿ ಹಿಡಿದು ಗಡಿಯಾರ ನೋಡುತ್ತ ನಿಂತೆ, ಹನ್ನೊಂದು ನಿಮಿಷ. ಅವನು ನನ್ನ ಮುಖ ನೋಡುತ್ತಿದ್ದ. ನನ್ನ ಮುಖದಲ್ಲಿ ಏನಾದರೂ ಕಂಡರೆ ಅವನು ಹೆದರುತ್ತಾನೆಂದು ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಆ ವಾರ ಗ್ಲೌಸಿನ ಸ್ಟಾಕು ಮುಗಿದಿತ್ತು. ಕೈ ತೊಳೆಯಲು ಹೋದಾಗ ಉಗುರಿನ ಬುಡದಲ್ಲಿ ಒಣಗಿದ್ದು ಹೋಗಲಿಲ್ಲ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದೆ. ಡೆಂಗಿ ಕೈಯಿಂದ ಹತ್ತುವ ರೋಗವಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಆ ರಾತ್ರಿ ಊಟಕ್ಕೆ ಚಮಚ ತೆಗೆದುಕೊಂಡೆ. ಮುಯೆಂಬೆಗೆ ಏನೂ ಗೊತ್ತಿರಲಿಲ್ಲ. ಅವರ ಕೈ ಮೇಲಿದ್ದದ್ದಕ್ಕೆ ಆಗ ಹೆಸರೇ ಇರಲಿಲ್ಲ. ತೀರಿಹೋದವರ ಯಕೃತ್ತಿನ ಚೂರನ್ನೂ ಅದೇ ಕೈಯಲ್ಲಿ ತೆಗೆದರು. ಸೋಪು, ನೀರು. ಬದುಕಿಕೊಂಡರು. ಆ ವರ್ಷ ಯಾಂಬುಕು ಸುತ್ತಮುತ್ತ 318 ಜನಕ್ಕೆ ರೋಗ ತಗುಲಿ 280 ಮಂದಿ ಸತ್ತರು. ಆಸ್ಪತ್ರೆಯ ಸಿಬ್ಬಂದಿ 17 ಜನರಲ್ಲಿ 11 ಮಂದಿ.

ನೀಲಿ ಥರ್ಮಾಸ್

ಕಾಯಿಲೆ ಬಿದ್ದಿದ್ದ ಒಬ್ಬ ಸನ್ಯಾಸಿನಿಯನ್ನು ಮುಯೆಂಬೆ ಒಪ್ಪಿಸಿ ವಿಮಾನದಲ್ಲಿ ಕಿನ್ಶಾಸಾಗೆ ಕರೆತಂದರು. ಆಕೆ ಅಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ತೆಗೆದ ರಕ್ತ ಎರಡು ಸೀಸೆಗಳಲ್ಲಿ, ಒಂದು ನೀಲಿ ಥರ್ಮಾಸ್ ಫ್ಲಾಸ್ಕಿನಲ್ಲಿ, ಮಂಜುಗಡ್ಡೆಯ ಜೊತೆ, ಪ್ರಯಾಣಿಕರ ವಿಮಾನದಲ್ಲಿ ಯಾರದೋ ಕೈಚೀಲದೊಳಗೆ ಬೆಲ್ಜಿಯಂನ ಆಂಟ್‌ವರ್ಪ್ ತಲುಪಿತು. ತೆರೆದು ನೋಡಿದಾಗ ಮಂಜುಗಡ್ಡೆ ಕರಗಿತ್ತು, ಒಂದು ಸೀಸೆ ಒಡೆದಿತ್ತು. ತೆರೆದವರಲ್ಲಿ ಒಬ್ಬರು 27 ವರ್ಷದ ಪೀಟರ್ ಪಿಯೋ. ಅಲ್ಲಿಂದ ಇಂಗ್ಲೆಂಡಿಗೆ, ಅಮೆರಿಕದ ಅಟ್ಲಾಂಟಾಕ್ಕೆ ಸ್ಯಾಂಪಲ್ ಹೋಗಿ, ಹುಳುವಿನ ಹಾಗೆ ಉದ್ದಕ್ಕೆ ಸುರುಳಿದ ಹೊಸ ವೈರಸ್ ಇದು ಎಂದು ಗೊತ್ತಾಯಿತು. ಮುಂದೆ ದಶಕಗಳ ಕಾಲ ಎಬೋಲಾ ಕಂಡುಹಿಡಿದವರ ಕಥೆಯಲ್ಲಿ ಬಂದದ್ದು ಪಿಯೋ ಹೆಸರು, ಮತ್ತು ಅಂತರರಾಷ್ಟ್ರೀಯ ತಂಡದವರ ಹೆಸರು. ಥರ್ಮಾಸಿನ ಕಥೆ ಶುರುವಾಗುತ್ತಿದ್ದುದೇ ಥರ್ಮಾಸಿನ ಮುಚ್ಚಳ ತೆಗೆಯುವಲ್ಲಿಂದ. ಅದಕ್ಕೆ ರಕ್ತ ತುಂಬಿದ್ದು ಯಾರು ಎಂಬುದು 'ಒಬ್ಬ ಸ್ಥಳೀಯ ವೈದ್ಯ'.

ಈ ಸ್ಥಳೀಯ ಎಂಬ ಪದ ನನಗೆ ಚೆನ್ನಾಗಿ ಪರಿಚಯ. ಸಂಶೋಧನಾ ಲೇಖನಗಳ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಸ್ಥಳೀಯ ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಎಂದಿರುತ್ತದಲ್ಲ, ಅದರೊಳಗೆ ನಾನೂ ಒಂದೆರಡು ಕಡೆ ಇರಬೇಕು. ಸ್ಥಳೀಯ ಬಾಳೆಹಣ್ಣು ಇದ್ದ ಹಾಗೆ. ಹೆಸರಿಲ್ಲ, ಸಂತೆಯ ದಿನ ಮಾತ್ರ ಬೇಕು.

ಆದರೆ ಪಿಯೋ ಅವರನ್ನು ಕಳ್ಳನ ಹಾಗೆ ನೋಡಲು ನನಗೆ ಮನಸ್ಸಿಲ್ಲ. ಅವರೂ ಆ ವರ್ಷವೇ ಯಾಂಬುಕುಗೆ ಹೋದರು, ಊರೂರು ಅಲೆದರು, ಮುಂದೆ ಏಡ್ಸ್ ವಿಷಯದಲ್ಲಿ ಜಗತ್ತಿಗೆ ಬೇಕಾದ ಕೆಲಸ ಮಾಡಿದರು. ಆಂಟ್‌ವರ್ಪಿನಲ್ಲಿ ವೈರಸ್ ಕಾಣಿಸುವಂಥ ಸೂಕ್ಷ್ಮದರ್ಶಕ ಇತ್ತು, ಕಿನ್ಶಾಸಾದಲ್ಲಿ ಇರಲಿಲ್ಲ. ಯಾಕಿರಲಿಲ್ಲ ಎಂದು ಕೇಳುತ್ತ ಹೋದರೆ ರಬ್ಬರು, ದಂತ, ತಾಮ್ರ ಎಂದು ಕಥೆ ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಅದಕ್ಕೆ ಇಪ್ಪತ್ತೇಳರ ಹುಡುಗ ಹೊಣೆಯಲ್ಲ. ಕಂಡುಹಿಡಿದರು ಎಂಬ ಕ್ರಿಯಾಪದದ ಮೇಲೆ ಮಾತ್ರ ನನಗೆ ಗುಮಾನಿ. ನಮ್ಮ ಕ್ಯಾಸನೂರು ಕಾಡನ್ನೇ ತೆಗೆದುಕೊಳ್ಳಿ. 1957ರ ಮಾರ್ಚ್‌ನಲ್ಲಿ ಸೊರಬ ತಾಲೂಕಿನ ಆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನಕ್ಕೂ ಜ್ವರ. ಹಳದಿ ಜ್ವರ ಏಷ್ಯಾಕ್ಕೂ ಬಂದುಬಿಟ್ಟಿತೇ ಎಂದು ದಿಗಿಲಾಗಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅದು ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ 1952ರಲ್ಲಿ ಕಟ್ಟಿದ್ದ ಸಂಸ್ಥೆ. ಹಳದಿ ಜ್ವರ ಅಲ್ಲ, ಹೊಸ ವೈರಸ್ಸು, ರಷ್ಯಾದ ಉಣುಗಿನ ಜ್ವರದ ದಾಯಾದಿ ಎಂದು ಕಂಡುಹಿಡಿದರು. ಸರಿ. ಆದರೆ ಮಂಗ ಸಾಯುವುದಕ್ಕೂ ಮನುಷ್ಯರ ಜ್ವರಕ್ಕೂ ಗಂಟು ಹಾಕಿ ಮಂಗನ ಕಾಯಿಲೆ ಅಂತ ಕರೆದದ್ದು ದರಗು ಹೊರುತ್ತಿದ್ದವರು. ಅವರದ್ದು ಕಂಡುಹಿಡಿದದ್ದು ಅಲ್ಲವಂತೆ, ಕಂಡದ್ದು ಅಷ್ಟೇ.

ಹೆಸರಿನ ವಿಷಯಕ್ಕೇ ಬಂದರೆ ಇನ್ನೊಂದು ವಿಚಿತ್ರ. ಯಾಂಬುಕು ಎಂದು ವೈರಸ್ಸಿಗೆ ಹೆಸರಿಟ್ಟರೆ ಊರಿಗೆ ಶಾಶ್ವತ ಕಳಂಕ ಎಂದು ತಂಡದವರು ಯೋಚಿಸಿ, ಆ ಸೀಮೆಯ ಒಂದು ನದಿಯ ಹೆಸರು ಆರಿಸಿದರು. ಎಬೋಲಾ ಆ ಊರಿಗೆ ತೀರ ಹತ್ತಿರದ ನದಿಯೂ ಅಲ್ಲ. ಈ ಮುಲಾಜು ಕ್ಯಾಸನೂರಿಗೆ ಸಿಗಲಿಲ್ಲ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಮಂಗನ ಕಾಯಿಲೆಗೆ 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂದು ಹೆಸರು, ಸೊರಬದ ಒಂದು ಕಾಡು ರೋಗವಾಗಿಯೇ ಉಳಿದಿದೆ. ಕಿನ್ಶಾಸಾದಲ್ಲಿ ಸನ್ಯಾಸಿನಿಯ ಆರೈಕೆ ಮಾಡಿದ ಆಸ್ಪತ್ರೆಯ ದಾದಿ ಮಯಿಂಗಾ ಎಂಬ ಹುಡುಗಿ ಅದೇ ಅಕ್ಟೋಬರಿನಲ್ಲಿ ಎಬೋಲಾದಿಂದ ಸತ್ತಳು. ಆಕೆಯ ರಕ್ತದಿಂದ ಬೇರ್ಪಡಿಸಿದ ವೈರಸ್ಸಿನ ತಳಿಗೆ ಮಯಿಂಗಾ ಎಂದೇ ಹೆಸರು. ಇವತ್ತಿಗೂ ಲಸಿಕೆ, ಔಷಧಿ ಪರೀಕ್ಷೆ ಮಾಡುವ ಲ್ಯಾಬುಗಳಲ್ಲಿ ಆ ತಳಿ ಬಳಕೆಯಲ್ಲಿದೆ. ಸಾಯಿಸಿದ್ದಕ್ಕೇ ಆಕೆಯ ಹೆಸರು. ಗೌರವವೋ ಏನೋ, ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಕಿಕ್ವಿಟ್

ಒಮ್ಮೆ ಹೋಗಿ ಬಂದವರ ಹೆಸರು ಸಾಹಸದ ಕಥೆಯಲ್ಲಿ ಚೆನ್ನಾಗಿ ಕೂರುತ್ತದೆ. ಅಲ್ಲೇ ಇದ್ದವರದ್ದು ಕಥೆಯಾಗುವುದಿಲ್ಲ. 1995ರಲ್ಲಿ ಎಬೋಲಾ ಮತ್ತೆ ಬಂತು, ಈ ಸಲ ಕಿಕ್ವಿಟ್ ಪಟ್ಟಣಕ್ಕೆ. ಮುಯೆಂಬೆ ಹುಟ್ಟಿದ ಬಂಡುಂಡು ಪ್ರಾಂತ್ಯದ್ದೇ ಊರು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದ ವೈದ್ಯರು, ದಾದಿಯರು ಒಬ್ಬೊಬ್ಬರೇ ಮಲಗತೊಡಗಿದಾಗ ಕರೆ ಹೋದದ್ದು ಇವರಿಗೆ. ನೋಡಿದೊಡನೆ ಅವರಿಗೆ ಯಾಂಬುಕು ನೆನಪಾಯಿತು. ಖಚಿತಪಡಿಸಲು ಮಾತ್ರ ರಕ್ತ ಮತ್ತೆ ವಿಮಾನ ಹತ್ತಬೇಕಾಯಿತು, ಉತ್ತರ ಅಟ್ಲಾಂಟಾದಿಂದ ಬಂತು. ಹತ್ತೊಂಬತ್ತು ವರ್ಷ ಕಳೆದಿದ್ದರೂ ನೆತ್ರ ಹೋಗುವ ದಾರಿ ಬದಲಾಗಿರಲಿಲ್ಲ.

ಅಲ್ಲಿ ಅವರು ಒಂದು ಕೆಲಸ ಮಾಡಿದರು. ರೋಗ ಬಂದು ಬದುಕಿ ಉಳಿದವರ ರಕ್ತವನ್ನು ತೆಗೆದು ಎಂಟು ರೋಗಿಗಳಿಗೆ ಏರಿಸಿದರು. ಹತ್ತರಲ್ಲಿ ಎಂಟು ಜನ ಸಾಯುತ್ತಿದ್ದ ಊರಲ್ಲಿ, ಆ ಎಂಟರಲ್ಲಿ ಏಳು ಜನ ಉಳಿದರು. ಕೇಳಲಿಕ್ಕೆ ಎಷ್ಟು ಸರಳ! ಗೆದ್ದು ಬಂದವನ ಮೈಯಲ್ಲಿ ಗೆದ್ದ ಗುಟ್ಟು ಇರಬೇಕಲ್ಲ, ಅದನ್ನು ಇನ್ನೊಬ್ಬನಿಗೆ ದಾಟಿಸು. ಹೊರದೇಶದ ತಜ್ಞರು ಒಪ್ಪಲಿಲ್ಲ. ಹೋಲಿಸಿ ನೋಡಲು ರಕ್ತ ಕೊಡದ ಇನ್ನೊಂದು ಗುಂಪು ಇಲ್ಲ. ಆರೈಕೆ ಚೆನ್ನಾಗಿದ್ದದ್ದಕ್ಕೇ ಉಳಿದಿರಬಹುದು, ರೋಗದ ಜೋರು ಇಳಿದ ಮೇಲೆ ಕೊಟ್ಟದ್ದಿರಬಹುದು. ಲ್ಯಾಬಿನಲ್ಲಿ ಇಷ್ಟು ವರ್ಷ ಕಳೆದವಳಾಗಿ ಹೇಳುತ್ತೇನೆ, ಅವರ ತಕರಾರು ಸುಳ್ಳಲ್ಲ. ಎಂಟು ಜನರಿಂದ ಏನನ್ನೂ ಸಾಧಿಸಿ ತೋರಿಸಲಾಗದು. ಎದುರಿಗೆ ಮಲಗಿದವನ ಮಗ್ಗುಲಲ್ಲಿ ನಿಂತು, ನಿನ್ನನ್ನು ಹೋಲಿಕೆಯ ಗುಂಪಿಗೆ ಹಾಕಿದ್ದೇನೆ ಅನ್ನುವುದು ಯಾರ ಬಾಯಿಂದ ಬರುತ್ತದೆ ಎಂಬುದು ಬೇರೆ ಪ್ರಶ್ನೆ. ಮುಯೆಂಬೆ ವಾದಕ್ಕೆ ನಿಲ್ಲದೆ ಆ ಎಳೆಯನ್ನು ಮಾತ್ರ ಹಿಡಿದುಕೊಂಡೇ ಇದ್ದರು. 1998ರಲ್ಲಿ ಅವರು ಕಿನ್ಶಾಸಾದ ರಾಷ್ಟ್ರೀಯ ಜೀವವೈದ್ಯಕೀಯ ಸಂಶೋಧನಾ ಸಂಸ್ಥೆಯ (ಐಎನ್‌ಆರ್‌ಬಿ) ಮುಖ್ಯಸ್ಥರಾದರು. ದೇಶದಲ್ಲಿ ಯುದ್ಧ, ಖಜಾನೆ ಖಾಲಿ. ಆ ವರ್ಷಗಳಲ್ಲಿ ಒಂದು ಸಂಸ್ಥೆಗೆ ಬೀಗ ಬೀಳದಂತೆ ನೋಡಿಕೊಳ್ಳುವುದು ಎಂಥ ವಿಜ್ಞಾನ ಎಂದು, ಪರೀಕ್ಷೆಗೆ ಬೇಕಾದ ರೀಏಜೆಂಟ್ ಮುಗಿದು ಬೇಡಿಕೆಯ ಇಂಡೆಂಟ್ ಮೇಲೆ ಇಂಡೆಂಟ್ ಬರೆದವರಿಗೆ ನಾನು ಹೇಳಬೇಕಿಲ್ಲ.

2006ರಲ್ಲಿ, ಕಿಕ್ವಿಟ್‌ನಲ್ಲಿ ಬದುಕಿ ಉಳಿದಿದ್ದ ಒಬ್ಬರ ರಕ್ತವನ್ನು ಮತ್ತೆ ತೆಗೆದರು. ಹನ್ನೊಂದು ವರ್ಷದ ಮೇಲೂ ಆ ಮೈ ಎಬೋಲಾವನ್ನು ಮರೆತಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನ್ಯಾನ್ಸಿ ಸಲಿವನ್ ಅವರ ತಂಡ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ರಕ್ತದ ಕಣಗಳನ್ನು ಜಾಲಾಡಿ ಒಂದೇ ಒಂದು ಪ್ರತಿಕಾಯವನ್ನು, ಅಂದರೆ ರೋಗದ ವಿರುದ್ಧ ಮೈ ತಯಾರಿಸುವ ಕಾವಲು ವಸ್ತುವನ್ನು, ಹೆಕ್ಕಿದರು. ಅದಕ್ಕೆ ಎಂಎಬಿ114 ಎಂದು ಹೆಸರು. 2018ರಲ್ಲಿ ಪೂರ್ವ ಕಾಂಗೋದ ಯುದ್ಧಭೂಮಿಯಲ್ಲಿ ಎಬೋಲಾ ಎದ್ದಾಗ, ಗುಂಡಿನ ಸದ್ದಿನ ನಡುವೆ ನಾಲ್ಕು ಔಷಧಿಗಳನ್ನು ಎದುರುಬದುರು ಇಟ್ಟು ಪರೀಕ್ಷಿಸಿದರು. ಈ ಸಲ ಸರಿಯಾಗಿ, ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ, 681 ಜನರ ಮೇಲೆ. ಸ್ವಾಹಿಲಿಯಲ್ಲಿ 'ಪಮೋಜಾ ತುಲಿಂದೆ ಮೈಶಾ' ಎಂದು ಪ್ರಯೋಗದ ಹೆಸರು, ಎಲ್ಲರೂ ಸೇರಿ ಜೀವ ಉಳಿಸೋಣ ಎಂಬಂಥ ಅರ್ಥ. 2019ರ ಆಗಸ್ಟಿನಲ್ಲಿ ಎರಡು ಔಷಧಿಗಳನ್ನು ಅರ್ಧಕ್ಕೇ ಕೈಬಿಟ್ಟರು, ಉಳಿದೆರಡು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಎಂಎಬಿ114 ಪಡೆದವರಲ್ಲಿ ಸತ್ತವರು 35%. ಬೇಗ ಬಂದು, ಮೈಯಲ್ಲಿ ವೈರಸ್ ಕಡಿಮೆ ಇದ್ದವರಲ್ಲಿ ಸುಮಾರು 10%. ಯಾಂಬುಕುವಿನಲ್ಲಿ ಅದು 88% ಆಗಿತ್ತು. ಪ್ರಯೋಗದ ವರದಿಯ ಮೊದಲ ಲೇಖಕ ಸಬೂ ಮುಲಾಂಗು, ಕಾಂಗೋದವರೇ, ಮುಯೆಂಬೆಯವರ ಸಂಸ್ಥೆಯವರೇ. ಸಣ್ಣ ಅಕ್ಷರದ ಕೃತಜ್ಞತೆಯಲ್ಲಲ್ಲ, ಮೇಲೆ, ಮೊದಲಿಗೆ. ಆ ಪುಟವನ್ನು ನಾನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ.

2020ರ ಡಿಸೆಂಬರಿನಲ್ಲಿ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಾಡಿ ಮಾರುವ ಹಕ್ಕು ಫ್ಲಾರಿಡಾದ ಒಂದು ಕಂಪನಿಗೆ. ರಕ್ತ ಕೊಟ್ಟ ಕಿಕ್ವಿಟ್‌ನ ಆ ಮನುಷ್ಯನ ಹೆಸರು ಲೇಖನಗಳಲ್ಲಿ ಇಲ್ಲ, ಇರಲೂಬಾರದು, ಅದು ನಿಯಮ. ಅವರಿಗೆ ಯಾರಾದರೂ ಹೋಗಿ, ನಿಮ್ಮದರಲ್ಲಿ ಇಂಥದ್ದು ಬಂತು ಎಂದು ಹೇಳಿರಬಹುದೇ ಎಂದು ಮಾತ್ರ ನನಗೆ ಯೋಚನೆ.

ಬೇಕಾದವರು ಇಲ್ಲಿಗೆ ಬನ್ನಿ

ಆ ಪೂರ್ವ ಕಾಂಗೋದ ಪಿಡುಗು 2020ರ ಜೂನ್‌ನಲ್ಲಿ ಮುಗಿಯುವಾಗ 3,470 ಜನಕ್ಕೆ ರೋಗ ಬಂದು 2,287 ಜನ ಸತ್ತಿದ್ದರು. 2019ರ ಜುಲೈನಿಂದ ಹೋರಾಟದ ಹೊಣೆ ಹೊತ್ತವರು ಮುಯೆಂಬೆ, ಆಗ ವಯಸ್ಸು 77. ಅದೇ ಹೊತ್ತಿನಲ್ಲಿ ಅವರು ತೆಗೆದುಕೊಂಡ ಒಂದು ತೀರ್ಮಾನಕ್ಕೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯಬೇಕೆನಿಸಿತು: ಈ ಪಿಡುಗಿನ ರಕ್ತದ ಸ್ಯಾಂಪಲ್‌ಗಳು ಕಾಂಗೋದಲ್ಲೇ ಇರುತ್ತವೆ. ಅಧ್ಯಯನ ಮಾಡಬೇಕಾದವರು ನಮ್ಮ ಸಂಸ್ಥೆಗೆ ಬರಲಿ. ಹಿಂದಿನ ಪಶ್ಚಿಮ ಆಫ್ರಿಕಾದ ಪಿಡುಗಿನಲ್ಲಿ 11,000ಕ್ಕೂ ಹೆಚ್ಚು ಜನ ಸತ್ತಿದ್ದರು, ಅಲ್ಲಿಂದ ಸಾವಿರಾರು ಸ್ಯಾಂಪಲ್‌ಗಳು ಹೊರದೇಶದ ಫ್ರೀಜರುಗಳಿಗೆ ಹೋಗಿ ಸೇರಿದ್ದವು. ಕೆಲವು ವಿಜ್ಞಾನಿಗಳಿಗೆ ಈ ತೀರ್ಮಾನದಿಂದ ಕಸಿವಿಸಿಯಾಯಿತಂತೆ. ಆಗಲಿ. 1976ರಲ್ಲಿ ಥರ್ಮಾಸು ತುಂಬಿ ಕಳಿಸಿದವರಿಗೆ 2019ರಲ್ಲಿ ಥರ್ಮಾಸು ಮುಚ್ಚಿಡುವ ಅಧಿಕಾರ ಬರಲು ನಲವತ್ತಮೂರು ವರ್ಷ ಹಿಡಿಯಿತು. ಆ ವರ್ಷ ಜಪಾನಿನ ಹಿದೆಯೊ ನೊಗುಚಿ ಆಫ್ರಿಕಾ ಪ್ರಶಸ್ತಿ ಅವರಿಗೆ ಬಂತು. ಮರುವರ್ಷ ಜಪಾನಿನ ನೆರವಿನಿಂದ ಸಂಸ್ಥೆಗೆ ಹೊಸ ಕಟ್ಟಡವೂ ಎದ್ದಿತು. (ನೊಗುಚಿ ಹಳದಿ ಜ್ವರದ ಬೆನ್ನುಹತ್ತಿ ಆಕ್ರಾಕ್ಕೆ ಹೋಗಿ 1928ರಲ್ಲಿ ಅದರಿಂದಲೇ ಸತ್ತ ಜಪಾನಿ ವಿಜ್ಞಾನಿ. ಈ ಕಸುಬಿನಲ್ಲಿ ಪ್ರಶಸ್ತಿಗಳ ಹೆಸರೂ ಹೀಗೇ ಇರುತ್ತವೆ.)

ಇಲ್ಲಿಗೇ ನಿಲ್ಲಿಸಿದರೆ ಮುಯೆಂಬೆ ದೇವರ ಪಟವಾಗುತ್ತಾರೆ. ಆದರೆ 2020ರ ಏಪ್ರಿಲಿನಲ್ಲಿ, ಕೊರೊನಾ ಲಸಿಕೆಯ ಪ್ರಯೋಗ ನಮ್ಮಲ್ಲೂ ಮಾಡಲು ನಾವು ಮುಂದೆ ಬಂದಿದ್ದೇವೆ ಎಂದು ಅವರು ಪತ್ರಕರ್ತರ ಮುಂದೆ ಹೇಳಿದ್ದೇ ತಡ, ಅವರದೇ ಜನ ಸಿಡಿದೆದ್ದರು. ನಾವೇನು ಪ್ರಯೋಗದ ಇಲಿಗಳೇ ಎಂದು ಕೇಳಿದರು. ಫ್ರಾನ್ಸಿನ ಟಿವಿಯಲ್ಲಿ ಇಬ್ಬರು ವೈದ್ಯರು ಆಫ್ರಿಕಾದಲ್ಲಿ ಪರೀಕ್ಷೆ ಮಾಡಬಹುದಲ್ಲ ಎಂದು ಹರಟಿ ಕೆಲವೇ ದಿನಗಳಾಗಿದ್ದವು. ಅಮೆರಿಕ, ಚೀನಾಗಳಲ್ಲಿ ಪರೀಕ್ಷೆಯಾದ ಮೇಲೇ ಇಲ್ಲಿ ಎಂದು ಮುಯೆಂಬೆ ಸ್ಪಷ್ಟನೆ ಕೊಡಬೇಕಾಯಿತು. ನಲವತ್ತು ವರ್ಷ ಜನರ ನಡುವೆಯೇ ಇದ್ದವರಿಗೂ ಆ ಅನುಮಾನದಿಂದ ವಿನಾಯಿತಿ ಸಿಗಲಿಲ್ಲ. ನನಗೆ ಇದು ಓದಿ ಬೇಸರವಾಗಲಿಲ್ಲ, ಪರಿಚಯದ್ದು ಅನಿಸಿತು. ಜಗಲಿಯ ಮೇಲಿಂದ ನೋಡಿದರೆ ಬಿಳಿ ಕೋಟು ತೊಟ್ಟವರೆಲ್ಲ ಒಂದೇ. ಹಿಂದಿನ ಸಲ ಬಂದವನ ಬಾಕಿ ಈ ಸಲ ಬಂದವಳ ಲೆಕ್ಕಕ್ಕೆ.

ರಿಜಿಸ್ಟರಿನ ಕೊನೆಯ ಕಾಲಂ

ಮುಯೆಂಬೆಯವರ ಬಗ್ಗೆ ಮೊದಲು ಓದಿದ ಆ ರಾತ್ರಿಯ ಮೇಲೆ ನಾನು ಮಾಡಿದ್ದು ತೀರಾ ಸಣ್ಣ ಕೆಲಸ, ಬರೆಯಲೂ ನಾಚಿಕೆ. ಸರ್ಕಾರದ ರಿಜಿಸ್ಟರ್ ಅಲ್ಲದೆ ನನ್ನದೇ ಒಂದು ಉದ್ದನೆಯ ನೋಟ್‌ಬುಕ್ಕಿದೆ. ಹೆಸರು, ಊರು, ಪಕ್ಕದ ಮನೆಯವರದ್ದಾದರೂ ಒಂದು ಫೋನ್ ನಂಬರು, ಸ್ಯಾಂಪಲ್ ಹೋದ ದಿನ, ಬಂದ ದಿನ. ಕೊನೆಯ ಕಾಲಂಗೆ 'ಹೇಳಿದ್ದು' ಎಂದು ಶೀರ್ಷಿಕೆ. ಎಷ್ಟೋ ಸಾಲುಗಳಲ್ಲಿ ಆ ಕಾಲಂ ಖಾಲಿಯೇ ಇದೆ. ಫೋನು ತಾಗುವುದಿಲ್ಲ, ರಿಪೋರ್ಟು ಬರುವುದಿಲ್ಲ, ನನಗೇ ಪುರುಸೊತ್ತಾಗುವುದಿಲ್ಲ. ಅಂದಹಾಗೆ ಮಂಗನ ಕಾಯಿಲೆಗೆ ಇವತ್ತಿಗೂ ಅದರದ್ದೇ ಆದ ಔಷಧಿ ಇಲ್ಲ. ವರ್ಷಗಟ್ಟಲೆ ಕೊಟ್ಟ ಲಸಿಕೆ ಅಷ್ಟು ಉಪಯೋಗಕ್ಕೆ ಬರುತ್ತಿಲ್ಲ ಎಂದು ಕಂಡು ನಿಲ್ಲಿಸಿದ್ದಾರೆ. ಹಾಗಾಗಿ ಆ ಕಾಲಂ ತುಂಬಿಸಲು ಹೋದಾಗಲೂ ನನ್ನ ಕೈಯಲ್ಲಿರುವುದು ಒಂದು ಶಬ್ದ ಮಾತ್ರ, ಪಾಸಿಟಿವ್ ಅಥವಾ ನೆಗೆಟಿವ್.

ಹೋದ ಸೀಸನ್ನಿನಲ್ಲಿ ಅದೇ ಸಂಕ ದಾಟುವ ಕೆಲಸ ಬಂತು. ಈಗ ಅಲ್ಲಿಯವರೆಗೆ ಸಿಮೆಂಟ್ ರಸ್ತೆ. ಅಜ್ಜಿಯ ಮೊಮ್ಮಗನಿಗೆ ಜ್ವರ ಬಂದು ವಾರದ ಹಿಂದೆ ರಕ್ತ ತೆಗೆದಿದ್ದರು, ರಿಪೋರ್ಟು ಪ್ರಿಂಟ್ ಹಾಕಿಸಿಕೊಂಡು ನಾನೇ ಹೋದೆ. ಹುಡುಗ ಹುಷಾರಾಗಿ ಕೆಲಸಕ್ಕೆ ಹೋಗಿಯಾಗಿತ್ತು. ಅಜ್ಜಿ ಇನ್ನಷ್ಟು ಬಾಗಿದ್ದರು, ಜಗಲಿಯ ಅದೇ ಮೂಲೆಯಲ್ಲಿ ಕವಳ ಕುಟ್ಟುತ್ತಿದ್ದರು. ನನ್ನ ಗುರುತು ಹತ್ತಿದಂತೆ ಕಾಣಲಿಲ್ಲ. ಮೊಮ್ಮಗನ ರಿಪೋರ್ಟು ಬಂದಿದೆ, ನೆಗೆಟಿವ್ ಅಜ್ಜಿ, ಅಂದೆ.

"ಹಂಗಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ಒಳ್ಳೇದು. ಮಂಗನ ಕಾಯಿಲೆ ಅಲ್ಲ ಅಂತ."

ಕಾಗದ ಇಸಿದುಕೊಂಡು, ಓದು ಬರದಿದ್ದರೂ ಮೇಲಿಂದ ಕೆಳಗೆ ನೋಡಿ, ಮಡಚಿ ಎಲೆ ಸಂಚಿಯೊಳಗೆ ಇಟ್ಟುಕೊಂಡರು. ಒಳಗಿಂದ ಸೊಸೆ ಕುಡಿಯಲು ಬೆಲ್ಲ, ನೀರು ತಂದಿಟ್ಟಳು. ನಾನು ಲೋಟ ಎತ್ತಿಕೊಳ್ಳುವಾಗ ಅಜ್ಜಿ ಕುಟ್ಟಾಣಿ ನಿಲ್ಲಿಸಿದರು.

"ಮತ್ತೆ ನಂದು ಎಂತ ಬಂತು, ಆವತ್ತಿಂದು?"